ಹೌ ಆರ್ ಯೂ ಕೀಪಿಂಗ್

ಕಿಲ್ಲಿಬೆಗ್ಸ್ ಬಂದರು. ಬೆಳಗಿನ ಐದೂವರೆ.
ಬಂಗುಡೆಯ ಸಾಲಿನಲ್ಲಿ ನನ್ನ ಪಕ್ಕ ನಿಲ್ಲುವ ಪ್ಯಾಕಿ ಬರ್ನ್
ಕೈಗವಸು ಎಳೆದುಕೊಳ್ಳುತ್ತ ಕೇಳಿದ:
ಹೌ ಆರ್ ಯೂ ಕೀಪಿಂಗ್, ಲಾಮ್ಜಿರಾ?

ಕೀಪ್ ನನಗೆ ಗೊತ್ತಿದ್ದ ಪದ.
ಕುತೈಸಿಯ ಶಾಲೆಯಲ್ಲಿ, ಒದ್ದೆ ಕೋಟುಗಳ ವಾಸನೆಯಲ್ಲಿ ಕಲಿತದ್ದು.
ಕೀಪ್ ಅಂದರೆ ಇಟ್ಟುಕೊಳ್ಳುವುದು.
ಏನು ಇಟ್ಟುಕೊಂಡಿದ್ದೇನೆ ನಾನು?
ಹೋದ ವಾರ ತಾನೇ ಯಾರೋ ಎರಡು ಮೀನು
ಅಂಗಿಯೊಳಗೆ ಇಟ್ಟುಕೊಂಡು ಹೊರಟು
ಗೇಟಿನಲ್ಲಿ ಸಿಕ್ಕಿಬಿದ್ದಿದ್ದ.

ಎದೆ ಧಸಕ್ಕೆಂದಿತು.
ಏಪ್ರನ್ ಸರಿಸಿ ಜೇಬು ಹೊರಗೆಳೆದು ತೋರಿಸಿದೆ:
ಬಸ್ಸಿನ ಚೀಟಿ, ಕರವಸ್ತ್ರ, ಅರ್ಧ ಚಾಕಲೇಟು,
ಮಾರಿಹೋದ ಮನೆಯೊಂದರ ಬೀಗದ ಕೈ.
ನೋಡು, ಮೀನಿಲ್ಲ.

ಬೇಯಿಸಿದ ಏಡಿಯ ಹಾಗೆ ಕೆಂಪಾದ ಪ್ಯಾಕಿ.
ಬೆಲ್ಟು ಹೊರಟಿತು. ಮಧ್ಯಾಹ್ನದವರೆಗೆ ಇಬ್ಬರೂ
ಮೀನಿನ ಕಣ್ಣನ್ನಷ್ಟೇ ನೋಡಿದೆವು.

ಮಂಗಳವಾರ ಸಂಜೆ, ಅಂಚೆಕಚೇರಿಯ ಮಹಡಿಯ ಮೇಲೆ
ಅಟ್ರಾಕ್ಟಾ ಮೇಡಂ ನನ್ನ ಕಥೆ ಕೇಳಿ ನಗಲಿಲ್ಲ.
ಬೋರ್ಡಿನ ಮೇಲೆ ಕೀಪ್ ಎಂದು ಬರೆದು
ಕೈಗಂಟಿದ ಸುಣ್ಣವನ್ನು ಲಂಗಕ್ಕೆ ಒರೆಸಿಕೊಂಡರು.

ನನ್ನ ತಮ್ಮ ಕೋಳಿ ಕೀಪ್ ಮಾಡುತ್ತಾನೆ: ಸಾಕುತ್ತಾನೆ.
ಗೋಲಿನ ಮುಂದೆ ನಿಂತವನು ಕೀಪರ್, ಎಂದ
ಅಲೆಪ್ಪೋದ ಹುಡುಗ ಯಾಮೆನ್. ಅಲ್ಲಿ ಅದು ಕಾಯುವುದು.
ಕೊಟ್ಟ ಮಾತಿಗಾದರೆ ನಡೆಸುವುದು.
ಚಿಲ್ಲರೆಗಾದರೆ, ಇರಲಿ ಬಿಡಿ, ವಾಪಸ್ಸು ಬೇಡ.
ಈ ಹಾಲು ಗುರುವಾರದ ತನಕ ಕೀಪ್ ಆಗುತ್ತದೆ,
ಅಂದರೆ ಯಾರೂ ಏನೂ ಮಾಡಬೇಕಿಲ್ಲ,
ಸುಮ್ಮನೆ ಕೆಡದೆ ಇದ್ದರಾಯಿತು.

ಗಬ್ಬದ ಮೀನಿನ ಹೊಟ್ಟೆ ಸೀಳಿದ ಹಾಗಿತ್ತು.
ಒಂದೇ ಪದ,
ಒಳಗೆಲ್ಲ ಮೊಟ್ಟೆ, ಮೊಟ್ಟೆ, ಮೊಟ್ಟೆ.

ಹಾಗಾದರೆ ಪ್ಯಾಕಿ ಕೇಳಿದ್ದು ಯಾವುದನ್ನ?

ಯಾವುದನ್ನೂ ಅಲ್ಲ, ಅಂದರು ಮೇಡಂ.
ಆ ವಾಕ್ಯಕ್ಕೆ ಕರ್ಮಪದವಿಲ್ಲ.
ಕೆಡದೆ ಇದ್ದೀಯಾ ಎಂದು ಕೇಳಿದ, ಅಷ್ಟೆ.
ಹಾಲಿನ ಹಾಗೆ?
ಹಾಲಿನ ಹಾಗೇ.
ನಾಟ್ ಟೂ ಬ್ಯಾಡ್ ಅನ್ನು, ಮುಂದಕ್ಕೆ ಹೋಗು.
ಮೂವತ್ತೆಂಟು ವರ್ಷ ಕೆಳಗಿನ ಕಿಟಕಿಯಲ್ಲಿ
ಅಂಚೆಚೀಟಿ ಹರಿದುಕೊಡುತ್ತ ಕೇಳಿದ್ದೇನೆ ಇದನ್ನ.
ನಿಜ ಹೇಳಿದವರು ಇಬ್ಬರೇ.
ಎರಡೂ ಸಲ ಕ್ಯೂ ಬಾಗಿಲಾಚೆಗೆ ಬೆಳೆಯಿತು.

ಆಮೇಲೆ ಭೂತಕಾಲ. ಕೆಪ್ಟ್.
ಎಳೆಯಬೇಡ, ಎಂದರು, ಪಟ್ಟನೆ ಕತ್ತರಿಸು.
ನಿನ್ನೆಗೆ ದಾಟುವಾಗ
ತನ್ನ ದೀರ್ಘವನ್ನೇ ಉಳಿಸಿಕೊಳ್ಳಲಾರದ ಪದ
ಉಳಿಸಿಕೊಳ್ಳುವುದು ಎಂದು ಅರ್ಥ ಹೇಳುತ್ತದೆ!
ಎರಡು ಸಲ ಬರೆದೆ. ಮೂರನೆಯ ಸಲಕ್ಕೆ
ರೇವಾಜ್ ಮೆಟ್ಟಿಲ ಕೆಳಗಿಂದ ನನ್ನ ಹೆಸರನ್ನು
ಹಗ್ಗದ ಹಾಗೆ ಎಳೆದೆಳೆದು ಕೂಗುತ್ತಿದ್ದದ್ದು ನೆನಪಾಯಿತು.
ಇಲ್ಲಿ ಎಲ್ಲರಿಗೂ ನಾನು ಲಾಮ್.
ಅವರ ಭಾಷೆಯಲ್ಲಿ ಅದು ಕುರಿಮರಿಯಂತೆ. ಇರಲಿ.

ನವೆಂಬರಿನಲ್ಲಿ ಪ್ಯಾಕಿ ಒಂಬತ್ತು ದಿನ ಬರಲಿಲ್ಲ.
ಯಾಕೆಂದು ಯಾರೂ ಹೇಳಲಿಲ್ಲ; ಅವನ ಜಾಗದಲ್ಲಿ ನಿಂತ ಹುಡುಗ
ಮೀನನ್ನು ಬಾಲದಿಂದ ಹಿಡಿಯುತ್ತಿದ್ದ.
ಹತ್ತನೆಯ ಬೆಳಿಗ್ಗೆ, ಮಂಜುಗಡ್ಡೆ ಸುರಿಯುವ ಸದ್ದಿನಲ್ಲಿ
ಪಕ್ಕಕ್ಕೆ ಬಂದು ನಿಂತ. ಗಡ್ಡ ತೆಗೆದಿರಲಿಲ್ಲ.
ನಾನೇ ಮೊದಲು ಕೇಳಿದೆ,
ವ್ಯಾಕರಣ ತಪ್ಪದ ಹಾಗೆ, ನಿಧಾನವಾಗಿ:
ಹೌ ಆರ್ ಯೂ ಕೀಪಿಂಗ್, ಪ್ಯಾಕಿ?

ಸುಮ್ಮನಿದ್ದ ಸ್ವಲ್ಪ ಹೊತ್ತು.
ಆಮೇಲೆ ಕೈಗವಸು ಬಿಚ್ಚಿ
ಬಲಗಡೆಯ ಜೇಬನ್ನು ಹೊರಗೆಳೆದು ತೋರಿಸಿದ:
ಮಡಚುವ ಚಾಕು, ಪೆಪ್ಪರಮಿಂಟು,
ಕಿವಿಯ ಯಂತ್ರದ ಪುಟ್ಟ ಬ್ಯಾಟರಿ.

ಮೀನಿಲ್ಲ, ಎಂದೆ.
ಮೀನಿಲ್ಲ, ಎಂದ.

ಎಡಗಡೆಯ ಜೇಬನ್ನು ಅವನು ತೆಗೆಯಲಿಲ್ಲ.
ಬೆಲ್ಟು ಹೊರಟಿತು.